ನಗೆಯ ಲೋಕಕ್ಕೊಂದು ಕೋಶ: ‘ಡಿಸ್ಕ್‌ವರ್ಲ್ಡ್’ ಕೈಪಿಡಿಯನ್ನು ಕುರಿತು

ಇಂಗ್ಲಿಷಿನ ಹಾಸ್ಯಲೇಖಕ ಟೆರಿ ಪ್ರಾಚೆಟ್ ಅವರ ‘ಡಿಸ್ಕ್‌ವರ್ಲ್ಡ್’ ಮಾಲೆಯಲ್ಲಿ 1983ರಿಂದ 2015ರವರೆಗೆ 41 ಕಾದಂಬರಿಗಳು ಹೊರಬಂದವು. ಬೃಹತ್ ಆಮೆಯ ಬೆನ್ನ ಮೇಲೆ ನಾಲ್ಕು ಆನೆಗಳು, ಅವುಗಳ ಮೇಲೆ ತಟ್ಟೆಯಂತಹ ಜಗತ್ತು, ಅದರ ನಡುವೆ ದೇವತೆಗಳು ನೆಲಸಿರುವ ಪರ್ವತ. ಆದಿಕೂರ್ಮ, ದಿಗ್ಗಜ, ಮೇರುಗಳನ್ನು ಬಲ್ಲ ಕನ್ನಡ ಓದುಗರಿಗೆ ಈ ಕಲ್ಪನೆ ಅಪರಿಚಿತವೇನಲ್ಲ. ಆದರೆ ಅಲ್ಲಿನ ಊರು, ಪಾತ್ರ, ದೇವತೆಗಳೆಲ್ಲ ನೆನಪಿನಲ್ಲಿ ನಿಲ್ಲುವಷ್ಟು ಕಡಿಮೆಯಿಲ್ಲ. 1994ರಲ್ಲಿ ಪ್ರಾಚೆಟ್ ಮತ್ತು ಸ್ಟೀಫನ್ ಬ್ರಿಗ್ಸ್ ಕೂಡಿ ಆ ಲೋಕಕ್ಕೊಂದು ಅಕಾರಾದಿ ಕೈಪಿಡಿಯನ್ನು ರಚಿಸಿದರು: ‘ದಿ ಡಿಸ್ಕ್‌ವರ್ಲ್ಡ್ ಕಂಪ್ಯಾನಿಯನ್’.

ಇಂತಹ ಕೈಪಿಡಿಯ ಬಗ್ಗೆ ಓದುಗರಲ್ಲಿ ಮೂರು ಬಗೆಯ ಅಭಿಪ್ರಾಯಗಳು ಸಹಜ. ಮರೆತ ಪಾತ್ರವನ್ನು ನೆನಪಿಸುತ್ತದೆಂದು ಕೆಲವರು ಮೆಚ್ಚುತ್ತಾರೆ. ಅದು ಬಲುಬೇಗ ಹಳತಾಗುತ್ತದೆಂಬುದು ಇನ್ನು ಕೆಲವರ ಆಕ್ಷೇಪ. ವಿವರಿಸಿದ ನಗೆ ನಗೆಯಾಗಿ ಉಳಿಯದು ಎಂಬುದು ಮೂರನೆಯವರ ವಾದ.

ಹಳತಾಗುವ ಆಕ್ಷೇಪ ನಿಜವಾದರೂ ಗುರುತರವಲ್ಲ. 1997, 2003, 2012ರಲ್ಲಿ ಪರಿಷ್ಕೃತ ಆವೃತ್ತಿಗಳು ಬಂದವು. ಅನಂತರವೂ ಮಾಲೆ ಬೆಳೆಯಿತು. ಬೆಳೆಯುತ್ತಿರುವ ಕೃತಿಗೆ ಬರೆದ ಕೋಶ ಹಿಂದೆ ಬೀಳುವುದು ಅನಿವಾರ್ಯ.

ಮೂರನೆಯ ವಾದವನ್ನು ಮಾತ್ರ ಗಂಭೀರವಾಗಿ ಪರಿಗಣಿಸಬೇಕು. ಈ ಕಾದಂಬರಿಗಳಲ್ಲಿ ಮೃತ್ಯು ಒಂದು ಪಾತ್ರ. ಅವನ ಬಿಳಿಯ ಕುದುರೆಯ ಹೆಸರು ಬಿಂಕಿ. ಮುದ್ದಿನ ಸಾಕುಪ್ರಾಣಿಗೆ ಮಕ್ಕಳು ಇಡುವಂತಹ ಹೆಸರದು. ಕೋಶದಲ್ಲಿ ಇದೊಂದು ಮಾಹಿತಿ. ಕಥೆಯಲ್ಲಿ, ಎಲ್ಲರೂ ನಡುಗುವ ಸವಾರನ ಬಾಯಲ್ಲಿ ಆ ಹೆಸರು ಬಂದಾಗ ನಗೆ. ಮೃತ್ಯುವಿನ ಮಾತೆಲ್ಲ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಅಚ್ಚಾಗುತ್ತದೆ. ಅಂತಹ ಅಕ್ಷರಭೇದವಿಲ್ಲದ ಕನ್ನಡಕ್ಕೆ ಇದನ್ನು ತರಹೊರಟ ಅನುವಾದಕನಿಗೆ ಈ ಸಂಗತಿಯನ್ನು ಕೋಶ ತಿಳಿಸಬಲ್ಲದು. ಆ ಧ್ವನಿಯ ತಣ್ಣನೆಯ ಗಾಂಭೀರ್ಯವನ್ನು ಕೇಳಿಸಲಾರದು.

ಆದ್ದರಿಂದ ಕೈಪಿಡಿಯೇ ವ್ಯರ್ಥವೆನ್ನಲಾಗದು. ಬ್ರಿಗ್ಸ್ ಈ ಕಾದಂಬರಿಗಳನ್ನು ರಂಗರೂಪಕ್ಕೆ ತಂದವರು, 1993ರಲ್ಲಿ ಆಂಖ್-ಮೋರ್ಪೋರ್ಕ್ ನಗರದ ನಕ್ಷೆಯನ್ನು ರೂಪಿಸಿದವರು. ಬೀದಿ ಬೀದಿಯಾಗಿ ಕೃತಿಗಳನ್ನು ಓದಿದವರ ಶ್ರಮ ಈ ಕೋಶದ ಹಿಂದಿದೆ. ಮರುಓದಿಗೆ ಅದು ನಿಜವಾಗಿಯೂ ಸಂಗಾತಿ.

ತೊಡಕಿರುವುದು ಸಂಗಾತಿಯನ್ನೇ ಮೂಲವೆಂದು ಭಾವಿಸುವಲ್ಲಿ. ಕಾದಂಬರಿಗಳ ನಡುವೆ ಕಾಲಗಣನೆ ಎಲ್ಲೆಡೆ ಹೊಂದುವುದಿಲ್ಲ. 2001ರ ‘ಥೀಫ್ ಆಫ್ ಟೈಮ್’ ಕಾದಂಬರಿಯಲ್ಲಿ ಪ್ರಾಚೆಟ್ ಆ ವಿಸಂಗತಿಯನ್ನೇ ಕಥಾವಸ್ತುವಾಗಿಸಿಕೊಂಡು, ಒಡೆದ ಇತಿಹಾಸಕ್ಕೆ ತೇಪೆ ಹಾಕುವ ಸಂನ್ಯಾಸಿಗಳನ್ನು ತೋರಿಸಿದರು. ಕೋಶವನ್ನಷ್ಟೇ ನೋಡುವವರಿಗೆ ಇದು ಲೇಖಕರ ಪ್ರಮಾದ. ಕೃತಿಯನ್ನು ಓದಿದವರಿಗೆ ವಿನೋದ.

ಕಾವ್ಯವನ್ನು ತೆರೆಯದೆ ಗದ್ಯಾನುವಾದ, ಟಿಪ್ಪಣಿಗಳಿಂದಲೇ ಉತ್ತರ ಬರೆಯುವ ವಿದ್ಯಾರ್ಥಿಗಳನ್ನು ತರಗತಿಯಲ್ಲಿ ಪ್ರತಿವರ್ಷ ಕಾಣುತ್ತೇನೆ. ಅವರ ಉತ್ತರಗಳಲ್ಲಿ ತಪ್ಪು ಕಡಿಮೆ; ಓದಿನ ಗುರುತೂ ಕಡಿಮೆ. ಸಂಶೋಧನ ಪ್ರಬಂಧಗಳಿಗೂ ಈ ಅಭ್ಯಾಸ ಹಬ್ಬುತ್ತಿರುವುದು ಆತಂಕದ ಸಂಗತಿ. ಕೈಪಿಡಿ ಮೇಜಿನ ಮೇಲಿರಲಿ. ಆದರೆ ಮೊದಲು ತೆರೆಯಬೇಕಾದುದು ಕಾದಂಬರಿ.