ನಾಲ್ಕು ವಾದ್ಯ, ಮೂರು ಆತ್ಮಕಥೆ

ಮೊನ್ನೆ ಶನಿವಾರ ಸಂಜೆ ನಮ್ಮೂರಿನ (ಅಂದ್ರೆ ಈಗಿರೋ ಇಂಗ್ಲೆಂಡಿನ ಊರಿನ) ಚರ್ಚಿನಲ್ಲಿ ಒಂದು ಸ್ಟ್ರಿಂಗ್ ಕ್ವಾರ್ಟೆಟ್ ಕಛೇರಿ ಇತ್ತು. ಎರಡು ವಯಲಿನ್, ಒಂದು ವಿಯೋಲಾ, ಒಂದು ಚೆಲ್ಲೋ. ಮೈಕಿಲ್ಲ, ಕಂಡಕ್ಟರ್ ಇಲ್ಲ, ಮೃದಂಗವಂತೂ ಇಲ್ಲವೇ ಇಲ್ಲ. ನುಡಿಸಿದವರು ಸಂಗೀತ ಕಾಲೇಜಿನಿಂದ ಈಗಷ್ಟೇ ಹೊರಬಿದ್ದ ನಾಲ್ವರು. ಇಂಥ ಕಡೆ ಸಾಮಾನ್ಯವಾಗಿ ಹೈಡನ್‌ದೊಂದು, ಬೇಥೋವನ್‌ದೊಂದು ಅಂತ ಕಲಸುಮೇಲೋಗರ ಬಡಿಸ್ತಾರೆ. ಇವರು ಒಂದೇ ಎಳೆ ಹಿಡಿದಿದ್ದರು: ಸಂಗೀತಗಾರ ತನ್ನ ಕಥೆಯನ್ನ ತಾನೇ ಹೇಳಿಕೊಂಡ ಮೂರು ಕ್ವಾರ್ಟೆಟ್‌ಗಳು.

ಮೊದಲನೆಯದು ಚೆಕ್ ಸಂಗೀತಗಾರ ಸ್ಮೆತನನದು, 1876ರದ್ದು. ಹೆಸರೇ 'ನನ್ನ ಬದುಕಿನಿಂದ'. ಯೌವನದ ಕನಸು, ಪೋಲ್ಕಾ ಕುಣಿತ, ತೀರಿಹೋದ ಮೊದಲ ಹೆಂಡತಿಯ ನೆನಪು... ಎಲ್ಲ ಆಗಿ ಕೊನೆಯ ಭಾಗದಲ್ಲಿ ಸಡಗರದ ಮಧ್ಯೆಯೇ ಸಂಗೀತ ಗಕ್ಕನೆ ನಿಲ್ಲುತ್ತೆ. ಕೆಳಗೆ ಉಳಿದ ವಾದ್ಯಗಳು ನಡುಗ್ತಾ ಇರುತ್ತವೆ. ಮೇಲೆ ಮೊದಲ ವಯಲಿನ್ ತೀರಾ ಎತ್ತರದ ಒಂದೇ ಒಂದು ಸ್ವರ ಹಿಡಿದು ನಿಲ್ಲುತ್ತೆ. 1874ರಲ್ಲಿ ಸ್ಮೆತನ ಪೂರ್ತಿ ಕಿವುಡನಾದ. ಅದಕ್ಕೆ ಮುಂಚೆ ಅವನ ಕಿವಿಯಲ್ಲಿ ಕೂಗುತ್ತಿದ್ದ ಸದ್ದೇ ಆ ಸ್ವರ. ಅಂದ್ರೆ ಈ ಕ್ವಾರ್ಟೆಟ್ಟನ್ನ ಬರೆದವನೇ ಇದನ್ನ ಕೇಳಲಿಲ್ಲ. 1878ರಲ್ಲಿ ಪ್ರಾಗ್‌ನ ಮನೆಯೊಂದರಲ್ಲಿ ಮೊದಲು ನುಡಿಸಿದಾಗ ವಿಯೋಲಾ ಹಿಡಿದು ಕೂತವನು ಡ್ವೋರ್ಜಾಕ್.

ನಮ್ಮ ತಂದೆಗೂ ಕೆಲವು ವರ್ಷಗಳಿಂದ ಇದೇ ಕಾಟ. ಮೈಸೂರಿಗೆ ಫೋನ್ ಮಾಡಿದಾಗೆಲ್ಲ "ಜೀರುಂಡೆ ಇನ್ನೂ ಬಿಟ್ಟಿಲ್ಲ ಕಣೋ" ಅಂತಾರೆ. ಈಗೀಗ ಎರಡೇ ನಿಮಿಷಕ್ಕೆ ಮಾತು ಮುಗಿದು ಫೋನು ಅಮ್ಮನ ಕೈಗೆ ಹೋಗುತ್ತೆ. ಡಾಕ್ಟರು ಹೇಳಿದ್ದು, ಇಂಟರ್ನೆಟ್ಟಿನಲ್ಲಿ ಓದಿದ್ದು ಎಷ್ಟೋ ಇದೆ. ಆದರೆ ಆ ಜೀರುಂಡೆ ನನ್ನ ಕಿವಿಗೇ ಬಿದ್ದದ್ದು ಮೊನ್ನೆ. ಕೆಲವೇ ಸೆಕೆಂಡು. ಅಷ್ಟಕ್ಕೇ, ನಿಲ್ಲಿಸ್ರಪ್ಪಾ ಸಾಕು ಅನ್ನಿಸಿಬಿಟ್ಟಿತು. ಅಪ್ಪನಿಗೆ ಅದು ರಾತ್ರಿಯಿಡೀ.

ಎರಡನೆಯದು ಯಾನಾಚೆಕ್‌ನ 'ಗುಟ್ಟಿನ ಪತ್ರಗಳು'. 1928ರಲ್ಲಿ, 73ನೇ ವಯಸ್ಸಿನಲ್ಲಿ, ಸುಮಾರು ಮೂರು ವಾರದಲ್ಲಿ ಬರೆದದ್ದು. ಕಮಿಲಾ ಎಂಬ, ತನಗಿಂತ 37 ವರ್ಷ ಚಿಕ್ಕವಳಾದ, ಮದುವೆಯಾಗಿದ್ದ ಹೆಣ್ಣಿನ ಮೇಲಿನ ಮೋಹ ಇದರ ವಸ್ತು. ಆಕೆಗೆ 700ಕ್ಕೂ ಹೆಚ್ಚು ಕಾಗದ ಬರೆದಿದ್ದನಂತೆ, ಪುಣ್ಯಾತ್ಮ! ಸಂಗೀತವೇನೋ ಅದ್ಭುತ, ಒಪ್ಪಿದೆ. ಆದರೆ ಮನೆಯಲ್ಲಿದ್ದ ಹೆಂಡತಿ ಜ್ದೆಂಕಾಳೂ ಮುಂದೆ ತನ್ನ ನೆನಪುಗಳನ್ನ ಹೇಳಿ ಬರೆಸಿದಳು. ಅದನ್ನ ಓದಿದವರಿಗೆ ಈ ಕ್ವಾರ್ಟೆಟ್ ಕೇಳುವಾಗ ಸ್ವಲ್ಪ ಇರುಸುಮುರುಸು ಆಗದೆ ಇರದು. ಇರಲಿ.

ನಾನು ಹೋದದ್ದೇ ಮೂರನೆಯದಕ್ಕೆ, ಶೋಸ್ಟಕೋವಿಚ್‌ನ ಎಂಟನೆಯ ಕ್ವಾರ್ಟೆಟ್. 1960ರ ಜುಲೈನಲ್ಲಿ ಡ್ರೆಸ್ಡೆನ್ ಹತ್ತಿರದ ಗೋರಿಶ್ ಅನ್ನೋ ಊರಲ್ಲಿ ಮೂರೇ ದಿನದಲ್ಲಿ ಬರೆದ. ಹೋಗಿದ್ದು ಸಿನಿಮಾ ಸಂಗೀತದ ಕೆಲಸಕ್ಕೆ. ಅರ್ಪಣೆ 'ಫ್ಯಾಸಿಸಂ ಮತ್ತು ಯುದ್ಧಕ್ಕೆ ಬಲಿಯಾದವರಿಗೆ'. ಆದರೆ ಗೆಳೆಯ ಗ್ಲಿಕ್‌ಮನ್‌ಗೆ ಬರೆದ ಕಾಗದದಲ್ಲಿ ಬೇರೆಯೇ ಮಾತು: ನಾನು ಸತ್ತರೆ ನನ್ನ ನೆನಪಿಗೆ ಯಾರೂ ಕ್ವಾರ್ಟೆಟ್ ಬರೆಯಲಿಕ್ಕಿಲ್ಲ, ಅದಕ್ಕೇ ನಾನೇ ಬರೆದುಕೊಂಡೆ ಅಂತ. ಕಮ್ಯುನಿಸ್ಟ್ ಪಕ್ಷ ಸೇರುವ ಒತ್ತಡಕ್ಕೆ ಅವನು ಮಣಿದದ್ದೂ ಅದೇ ವರ್ಷ.

ಜರ್ಮನ್ ಸ್ವರನಾಮಗಳಲ್ಲಿ ಅವನ ಹೆಸರಿನ ಅಕ್ಷರಗಳು ನಾಲ್ಕು ಸ್ವರ ಆಗುತ್ತವೆ: ಡಿ, ಎಸ್, ಸಿ, ಹಾ. 'ಸಿ'ಯನ್ನ ಷಡ್ಜ ಮಾಡಿಕೊಂಡರೆ ನಮ್ಮ ಲೆಕ್ಕದಲ್ಲಿ ರಿ-ಗ-ಸ-ನಿ, ಕೀರವಾಣಿಯಲ್ಲಿ ಸಿಗೋ ಸ್ವರಗಳೇ. ದಾಸರ ಪದದಲ್ಲಿ ಅಂಕಿತ ಕೊನೆಗೆ ಬರುತ್ತೆ, ಅದೂ ದೇವರ ಹೆಸರಲ್ಲಿ. ಇವನು ಮೊದಲ ಉಸಿರಿಗೇ ಚೆಲ್ಲೋ ಬಾಯಲ್ಲಿ ತನ್ನ ಹೆಸರು ಹೇಳಿಸ್ತಾನೆ, ಐದೂ ಭಾಗಗಳಲ್ಲಿ ಮತ್ತೆ ಮತ್ತೆ ಹೇಳಿಸ್ತಾನೆ, ಎಲ್ಲಿ ಮರೆತುಹೋಗುತ್ತೋ ಅನ್ನೋ ಹಾಗೆ. ನಾಲ್ಕನೇ ಭಾಗದಲ್ಲಿ ಮೂರು ಗಟ್ಟಿ ಹೊಡೆತ ಬರುತ್ತೆ. ಕೆಲವರಿಗೆ ಅದು ಬಾಂಬು, ಕೆಲವರಿಗೆ ರಾತ್ರಿ ಬಾಗಿಲು ಬಡಿಯೋ ಪೊಲೀಸರು. ನನಗಂತೂ ಬಾಗಿಲೇ. ಪಕ್ಕದಲ್ಲಿದ್ದ ಅಜ್ಜಿ ಬೆಚ್ಚಿಬಿದ್ದು ಕೈಚೀಲ ಬೀಳಿಸಿದರು.

ಮೊದಲ ಸಲ ಕೇಳುವವರು ಸ್ಮೆತನನಿಂದ ಶುರುಮಾಡಿ, ಯಾನಾಚೆಕ್ ಕೊನೆಗಿರಲಿ. ಶೋಸ್ಟಕೋವಿಚ್‌ದು ಇಪ್ಪತ್ತು ನಿಮಿಷದ ಸುಮಾರು. ಐದು ಭಾಗಗಳೂ ನಿಲ್ಲದೆ ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ, ಹಾಗಾಗಿ ನಡುವೆ ಕಾಫಿಗೆ ಏಳಬೇಡಿ.