ಕೊನೆಯಿಲ್ಲದ ಆಟಕ್ಕೆ ಕೊನೆ ಹೇಳುವವರು ಯಾರು?

ಕೆಲವು ತಿಂಗಳ ಹಿಂದೆ ತಂದೆಯೊಬ್ಬರು ಒಂಬತ್ತನೆಯ ತರಗತಿಯಲ್ಲಿ ಓದುವ ಮಗನನ್ನು ನನ್ನ ಕ್ಲಿನಿಕ್ಕಿಗೆ ಕರೆತಂದರು. ಹುಡುಗನಿಗೆ ದಿನವೂ ತಲೆನೋವು. ಬೆಳಿಗ್ಗೆ ಎಬ್ಬಿಸಿದರೆ ಏಳುವುದಿಲ್ಲ, ತಿಂಡಿ ಸೇರುವುದಿಲ್ಲ. "ಒಂದು ಒಳ್ಳೆಯ ಟಾನಿಕ್ ಬರೆದುಕೊಡಿ ಡಾಕ್ಟ್ರೇ" ಎಂದರು. ರಕ್ತದೊತ್ತಡ, ಕಣ್ಣಿನ ದೃಷ್ಟಿ, ರಕ್ತಪರೀಕ್ಷೆ ಎಲ್ಲವೂ ಸರಿಯಾಗಿತ್ತು. ರಾತ್ರಿ ಎಷ್ಟು ಗಂಟೆಗೆ ಮಲಗುತ್ತಾನೆ ಎಂದು ಕೇಳಿದೆ. "ಹತ್ತಕ್ಕೆಲ್ಲಾ ಮಲಗಿಬಿಡ್ತಾನೆ ಸಾರ್" ಎಂದರು ತಂದೆ. ಹುಡುಗ ತಲೆ ತಗ್ಗಿಸಿಕೊಂಡೇ "ಎರಡೂವರೆ" ಎಂದ. ಹೊದಿಕೆಯೊಳಗೆ ಮೊಬೈಲಿನಲ್ಲಿ ಆಟ ನಡೆಯುತ್ತಿತ್ತು.

"ಇವತ್ತೇ ಆ ಫೋನನ್ನು ಕಲ್ಲಿಗೆ ಹೊಡೆದು ಪುಡಿ ಮಾಡ್ತೀನಿ" ಎಂದು ತಂದೆ ಎದ್ದು ನಿಂತರು. ಅವರನ್ನು ಕೂರಿಸಲು ನನಗೆ ಸಾಕುಸಾಕಾಯಿತು.

ನಾನು ವಿಡಿಯೋ ಗೇಮಿನ ಶತ್ರುವಲ್ಲ. ಶಾಲೆಯಲ್ಲಿದ್ದಾಗ ಟಿವಿಗೆ ಜೋಡಿಸುವ ಕ್ಯಾಸೆಟ್ ಗೇಮಿನಲ್ಲಿ ಮಾರಿಯೋ, ಕಾಂಟ್ರಾ ಆಡಿದವನು. ಆಮೇಲೆ ಸ್ನೇಹಿತನ ಮನೆಯ ಕಂಪ್ಯೂಟರಿನಲ್ಲಿ ಪ್ರಿನ್ಸ್ ಆಫ್ ಪರ್ಷಿಯಾ. ಆಟದಿಂದ ಪ್ರಯೋಜನವೇ ಇಲ್ಲ ಎನ್ನುವುದೂ ತಪ್ಪು. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹಿಂದೆ ವಾರಕ್ಕೆ 3 ಗಂಟೆಗಿಂತ ಹೆಚ್ಚು ವಿಡಿಯೋ ಗೇಮ್ ಆಡಿದ್ದ ಶಸ್ತ್ರವೈದ್ಯರು ಲ್ಯಾಪರೊಸ್ಕೋಪಿ ತರಬೇತಿಯಲ್ಲಿ ಇತರರಿಗಿಂತ ಶೇಕಡ 37ರಷ್ಟು ಕಡಿಮೆ ತಪ್ಪು ಮಾಡಿದ್ದರು. ಅಧ್ಯಯನ ಸಣ್ಣದು, ಆದರೂ ಕೈ ಮತ್ತು ಕಣ್ಣಿನ ಹೊಂದಾಣಿಕೆಗೆ ಆಟ ನೆರವಾಗಬಹುದೆಂಬುದು ತಿಳಿಯುತ್ತದೆ.

ಹಾಗಾದರೆ ವ್ಯತ್ಯಾಸವೆಲ್ಲಿ? ನಮ್ಮ ಕಾಲದ ಆ ಆಟಗಳಿಗೆ ಕೊನೆಯಿತ್ತು. ಪ್ರಿನ್ಸ್ ಆಫ್ ಪರ್ಷಿಯಾದಲ್ಲಿ ರಾಜಕುಮಾರಿಯನ್ನು ಬಿಡಿಸಲು 60 ನಿಮಿಷ ಮಾತ್ರ. ಗೆದ್ದರೂ ಸೋತರೂ ಆಟ ಮುಗಿಯುತ್ತಿತ್ತು. ಇಂದು ಮೊಬೈಲಿಗೆ ಪುಕ್ಕಟೆಯಾಗಿ ಸಿಗುವ ಅನೇಕ ಆಟಗಳು ಮುಗಿಯುವುದೇ ಇಲ್ಲ. ದಿನವೂ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ನಷ್ಟ. ಪೆಟ್ಟಿಗೆ ತೆರೆದರೆ ಏನು ಸಿಗುತ್ತದೆಂದು ಗೊತ್ತಿಲ್ಲ. ಗಾಳ ಹಾಕಿ ಕೂತವನು ಇನ್ನೊಂದು ಮೀನು ಸಿಕ್ಕೀತೆಂದು ಏಳದಿರುವ ಹಾಗೆ, ಯಾವಾಗ ಸಿಗುತ್ತದೆಂದು ತಿಳಿಯದ ಬಹುಮಾನವೇ ಮನಸ್ಸನ್ನು ಹೆಚ್ಚು ಹಿಡಿದಿಡುತ್ತದೆ. ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಆದರೆ ಆಟದೊಳಗೆ ಬಣ್ಣದ ಅಂಗಿ, ಬಂದೂಕು ಮಾರುವ ವ್ಯಾಪಾರ ಬೇರೆಯೇ ಬಾಬತ್ತು.

ನಿಷೇಧವೊಂದರಿಂದಲೇ ಎಲ್ಲ ಸರಿಹೋಗುವುದೂ ಇಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಪಬ್ಜಿ ನಿಷೇಧವಾಯಿತು. ಮರುವರ್ಷವೇ ಅದು ಬೇರೆ ಹೆಸರಿನಲ್ಲಿ ಬಂತು. ಫೋನು ಒಡೆದರೆ ಹುಡುಗ ಗೆಳೆಯನ ಫೋನು ಹಿಡಿಯುತ್ತಾನೆ, ನಮ್ಮೊಡನೆ ಮಾತು ಬಿಡುತ್ತಾನೆ.

ತಂದೆಯನ್ನು ಹೊರಗೆ ಕೂರಿಸಿ ಹುಡುಗನನ್ನು ಕೇಳಿದೆ, "ಹನ್ನೊಂದಕ್ಕೆ ನಿಲ್ಲಿಸೋಕೆ ಆಗಲ್ವೇನೋ ಮರಿ?" ಅವನೆಂದ: "ನಾಲ್ಕು ಜನ ಸೇರಿ ಆಡೋದು ಸಾರ್. ನಾನು ಮಧ್ಯೆ ಎದ್ದರೆ ಮೂವರೂ ಸೋಲ್ತಾರೆ. ನಾಳೆಯಿಂದ ನನ್ನ ಸೇರಿಸಿಕೊಳ್ಳಲ್ಲ." ಆ ಮೂವರೂ ಅವನ ಬೀದಿಯವರೇ. ಮೊದಲು ಕ್ರಿಕೆಟ್ ಆಡುತ್ತಿದ್ದ ಖಾಲಿ ಸೈಟಿನಲ್ಲಿ ಈಗ ಮೂರಂತಸ್ತಿನ ಮನೆ ಎದ್ದಿದೆ. ನಾವು ಚಟವೆಂದು ಬೈಯುತ್ತಿದ್ದುದು ಅವನ ಪಾಲಿಗೆ ಉಳಿದಿದ್ದ ಒಂದೇ ಗೆಳೆತನವಾಗಿತ್ತು.

ಎಲ್ಲ ಮಕ್ಕಳ ಆಟವೂ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೆಯ ಆವೃತ್ತಿ 2022ರ ಜನವರಿ 1ರಿಂದ ಜಾರಿಗೆ ಬಂತು. ಅದರಲ್ಲಿ ಗೇಮಿಂಗ್ ಡಿಸಾರ್ಡರ್ ಸೇರಿದೆ. ಅದರ ಲಕ್ಷಣಗಳು ಮೂರು. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಕೆಡುಕಾಗುತ್ತಿದ್ದರೂ ಮುಂದುವರಿಸುವುದು. ಇವು ಸಾಮಾನ್ಯವಾಗಿ 12 ತಿಂಗಳಾದರೂ ಇದ್ದು, ಓದು, ಮನೆ, ಸ್ನೇಹ ಕೆಟ್ಟಿದ್ದರೆ ಮಾತ್ರ ಕಾಯಿಲೆ ಎನ್ನುತ್ತೇವೆ. ಈ ಹುಡುಗ ಅಲ್ಲಿಗೆ ಮುಟ್ಟಿರಲಿಲ್ಲ. ಅವನಿಗಿದ್ದುದು ನಿದ್ರೆಯ ಕೊರತೆ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕು. ಅವನಿಗೆ ಸಿಗುತ್ತಿದ್ದುದು ನಾಲ್ಕು. ತಲೆನೋವು, ಸಿಡುಕು, ತಿಂಡಿ ಸೇರದಿರುವುದು ಅದರ ಫಲ. ಟಾನಿಕ್ ಏನು ಮಾಡೀತು?

ಆಟ ತಾನಾಗಿ ಮುಗಿಯದಿದ್ದರೆ ಅದನ್ನು ಮುಗಿಸುವ ಜವಾಬ್ದಾರಿ ಮನೆಯವರದು. ಅದಕ್ಕೆ ಕೋಪಕ್ಕಿಂತ ಕ್ರಮ ಬೇಕು. ಮೊದಲು ಮಗುವಿನ ಪಕ್ಕದಲ್ಲಿ ಕುಳಿತು ಒಂದು ಆಟ ನೋಡಿ. ಒಂದು ಪಂದ್ಯ ಎಷ್ಟು ನಿಮಿಷವೆಂದು ತಿಳಿದುಕೊಂಡು, ಇಷ್ಟು ಪಂದ್ಯ ಎಂದು ಮೊದಲೇ ಮಾತಾಗಲಿ. ನಡುವೆ ಕಸಿದುಕೊಂಡರೆ ಜಗಳ ಖಚಿತ. ರಾತ್ರಿ ಒಂಬತ್ತೂವರೆಗೆ ಮನೆಯ ಎಲ್ಲ ಫೋನುಗಳೂ ಹಾಲಿನಲ್ಲಿ ಚಾರ್ಜಿಗೆ ಹೋಗಲಿ, ಅಪ್ಪ ಅಮ್ಮನದೂ ಸೇರಿ. ಹಾಸಿಗೆಯಲ್ಲಿ ರೀಲ್ಸ್ ನೋಡುವ ತಂದೆಯ ಬುದ್ಧಿಮಾತು ಮಗನಿಗೆ ನಾಟುವುದಿಲ್ಲ. ಫೋನಿನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಉಳಿಸಿ ಮಕ್ಕಳ ಕೈಗೆ ಕೊಡಬೇಡಿ. ಇಷ್ಟಾದರೂ ಮಗು ಶಾಲೆ ಬಿಡುತ್ತಿದ್ದರೆ, ಊಟ ಬಿಡುತ್ತಿದ್ದರೆ, ಕೈ ಮಾಡುತ್ತಿದ್ದರೆ ಮನೋವೈದ್ಯರನ್ನು ಕಾಣಲು ಸಂಕೋಚ ಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಇದಕ್ಕೆಂದೇ 'ಶಟ್' ಎಂಬ ಕ್ಲಿನಿಕ್ ಆರಂಭವಾಯಿತು.

ಆ ತಂದೆ ನಾಲ್ವರು ಹುಡುಗರ ಮನೆಯವರನ್ನೂ ಒಂದೆಡೆ ಕೂರಿಸಿ ಮಾತನಾಡಿದರು. ಈಗ ನಾಲ್ವರಿಗೂ ರಾತ್ರಿ ಒಂದೇ ಹೊತ್ತಿಗೆ ಆಟ ಬಂದ್. ಯಾರೂ ಯಾರನ್ನೂ ಸೋಲಿಸಿ ಎದ್ದಂತಾಗುವುದಿಲ್ಲ. ಭಾನುವಾರ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಕ್ರಿಕೆಟ್. ನಡುವೆ ಎರಡು ಸಲ ಹುಡುಗ ಮಾತು ತಪ್ಪಿದನಂತೆ. ಆದರೆ ತಲೆನೋವು ಹೋಗಿದೆ. ಕಳೆದ ವಾರ ಬಂದಾಗ ಮಂಡಿ ತರಚಿಕೊಂಡಿದ್ದ. ಡೈವ್ ಹೊಡೆದು ಕ್ಯಾಚ್ ಹಿಡಿದನಂತೆ. ಮುಲಾಮು ಬರೆದುಕೊಟ್ಟೆ.