ಕೆಡವದೆ ಹದಗೊಳಿಸುವ ಬಗೆ

ಕಳೆದ ಮಾಘಮಾಸದ ಒಂದು ಸಂಜೆ ನನ್ನ ಮನೆಯ ಗಣಕಯಂತ್ರವು “ಡಿಸ್ಕಿನಲ್ಲಿ ಸ್ಥಳವಿಲ್ಲ” ಎಂದು ಬರೆದು ತೋರಿಸಿ ಸುಮ್ಮನಾಯಿತು. ಈ ಮಾತು ಇಂದು ಅನೇಕ ಮನೆಗಳಲ್ಲಿ ಕೇಳಿಬರತಕ್ಕದ್ದೇ ಆಗಿರುವುದರಿಂದ, ಆ ಸಂದರ್ಭದಲ್ಲಿ ನಾನು ಕಲಿತ ಒಂದೆರಡು ಸಂಗತಿಗಳನ್ನು ಈ ತಿಂಗಳು ವಾಚಕರ ಮುಂದಿಡುತ್ತೇನೆ.

ನಿವೃತ್ತನಾದಂದಿನಿಂದ ನನಗೊಂದು ಹವ್ಯಾಸವುಂಟು. ಬೀದರದಿಂದ ಬಸ್ಸು ಹಿಡಿದು ಭಾಲ್ಕಿಯ ಕಡೆಗೋ ಔರಾದದ ಕಡೆಗೋ ಹೋಗುವುದು. ಹಳೆಯ ಮನೆಗಳಲ್ಲಿ ಅಟ್ಟದ ಮೇಲೆ ಬಿದ್ದಿರುವ ಹಸ್ತಪ್ರತಿ, ಹಾಡಿನ ಪುಸ್ತಕ, ಲೆಕ್ಕದ ವಹಿ ಮುಂತಾದವುಗಳ ಛಾಯಾಚಿತ್ರಗಳನ್ನು ತೆಗೆದುಕೊಂಡು ಮೂಲವನ್ನು ಅಲ್ಲಿಯೇ ಒಪ್ಪಿಸಿ ಬರುವುದು. ಔರಾದ ತಾಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ವೃದ್ಧೆಯು ತನ್ನ ಮಾವನವರು ಸ್ವಹಸ್ತದಿಂದ ಬರೆದ 120 ಹಾಳೆಗಳ ಪದಗಳ ಪುಸ್ತಕವನ್ನು ತೋರಿಸಿದ್ದಳು. ಮರುವರ್ಷ ಹೋದಾಗ ಆ ಪುಸ್ತಕವನ್ನು ಗೆದ್ದಲು ತಿಂದು ಮುಗಿಸಿತ್ತು. ನಾನು ಮರುಗಿದೆ. ಆಕೆ ಮಾತ್ರ, “ಇರ್ಲಿ ಮಾಸ್ತರ, ನಿಮ್ಮ ಡಬ್ಬ್ಯಾಗ ಅದಲ್ಲ, ಸಾಕು” ಎಂದಳು. ಅಂದಿನಿಂದ ನನ್ನ ಡಬ್ಬಿಯ ಭಾರ ನನಗೆ ತಿಳಿಯಿತು.

ಸ್ಥಳವಿಲ್ಲವೆಂದು ಹೇಳಿದ್ದು ಆ ಡಬ್ಬಿಯೇ. ಪೇಟೆಯ ಒಬ್ಬ ರಿಪೇರಿಯವನಿಗೆ ತೋರಿಸಲಾಗಿ, “ಎಲ್ಲಾ ಅಳಿಸಿ ಹೊಸದಾಗಿ ಫಾರ್ಮ್ಯಾಟ್ ಮಾಡೋಣ, ಸರ್, ಸ್ವಚ್ಛ ಆಗ್ತದ” ಎಂದು ಒಂದೇ ಉಸಿರಿನಲ್ಲಿ ಹೇಳಿದನು. ಮನೆಯಲ್ಲಿ ಧಾನ್ಯವಿಡಲು ಜಾಗ ಸಾಲದೆಂದು ಮನೆಯನ್ನೇ ಕೆಡಹುವಂತಿದ್ದಿತು ಆ ಸಲಹೆ. ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಹಿಂದಿರುಗಿದೆ.

ಗಣಕವಿದ್ಯೆಯಲ್ಲಿ ನುರಿತ ನನ್ನ ಹಳೆಯ ಶಿಷ್ಯನೊಬ್ಬನು ಭಾನುವಾರ ಮನೆಗೆ ಬಂದನು. ನನ್ನ ಯಂತ್ರವು ಲಿನಕ್ಸ್ ಎಂಬ ವ್ಯವಸ್ಥೆಯಿಂದ ನಡೆಯತಕ್ಕದ್ದು. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿಯು ಆರಂಭಿಸಿದ ಇದು ಈಗ ಲೋಕವ್ಯಾಪಿಯಾಗಿದೆ. ಕಾಸರಗೋಡಿನ ಕನ್ನಡ ಮಕ್ಕಳು ಸಹ ತಮ್ಮ ಸರ್ಕಾರಿ ಶಾಲೆಗಳಲ್ಲಿ ಇದರಲ್ಲಿಯೇ ಅಭ್ಯಾಸ ಮಾಡುತ್ತಾರೆ. ಡಿಸ್ಕಿನ ಮೇಲೆ ಕಡತಗಳನ್ನು ಯಾವ ಕ್ರಮದಿಂದ ಇಡಬೇಕು, ಎಲ್ಲಿಟ್ಟದ್ದೆಂದು ಹೇಗೆ ನೆನಪಿಡಬೇಕು ಎಂಬ ಏರ್ಪಾಡಿಗೆ ಫೈಲ್ ಸಿಸ್ಟಮ್ ಎಂದು ಹೆಸರು. ಪುಸ್ತಕಭಂಡಾರದ ಕಪಾಟುಗಳನ್ನೂ ಅದರ ಸೂಚೀಪಟ್ಟಿಯನ್ನೂ ಸೇರಿಸಿ ನೆನೆದರೆ ಅರ್ಥವಾದೀತು. ಲಿನಕ್ಸಿನಲ್ಲಿ ಎಕ್ಸ್ಟ್-2 ಎಂಬ ಏರ್ಪಾಡು 1993ರಲ್ಲಿಯೂ, ಎಕ್ಸ್ಟ್-3 ಎಂಬುದು 2001ರಲ್ಲಿಯೂ, ಎಕ್ಸ್ಟ್-4 ಎಂಬುದು 2008ರಲ್ಲಿಯೂ ಬಳಕೆಗೆ ಬಂದವು. ಇವು ಮೂರನ್ನೂ ಅಳಿಸದೆ ಹದಗೊಳಿಸಲು ಟ್ಯೂನ್-ಟು-ಎಫ್‌ಎಸ್ ಎಂಬ ಸಣ್ಣ ಉಪಕರಣವುಂಟು.

ಸಂಸ್ಕೃತ ಓದಿದವರಿಗೆ ಇದು ಹೊಸ ತತ್ತ್ವವಲ್ಲ. ಇರುವ ವಸ್ತುವಿನಲ್ಲಿ ಗುಣವನ್ನು ಸೇರಿಸುವುದು, ಇಲ್ಲವೆ ದೋಷವನ್ನು ಕಳೆಯುವುದು—ಇದಕ್ಕೆ ನಮ್ಮ ಹಿರಿಯರು ಸಂಸ್ಕಾರವೆಂದರು. ವಸ್ತುವು ಮೊದಲಿನದೇ ಆಗಿ ಉಳಿಯುವುದು ಅದರ ನಿಯಮ.

ಶಿಷ್ಯನು ಮೊದಲು ಏನನ್ನೂ ತಿದ್ದಲಿಲ್ಲ, ಓದಿದನು. ಡಿಸ್ಕಿನ ಆದಿಯಲ್ಲಿ ಸೂಪರ್‌ಬ್ಲಾಕ್ ಎಂಬ ಒಂದು ಪುಟವಿರುತ್ತದೆ. ಡಿಸ್ಕಿನ ಹೆಸರು, ಹುಟ್ಟಿದ ದಿನ, ಒಟ್ಟು ವಿಸ್ತಾರ, ಎಷ್ಟು ಸಲ ಜೋಡಿಸಲ್ಪಟ್ಟಿತು, ಕೊನೆಯ ತಪಾಸಣೆ ಯಾವಾಗ ಆಯಿತು—ಇದೆಲ್ಲವೂ ಅಲ್ಲಿ ಲಿಖಿತವಾಗಿರುತ್ತದೆ. ಜಾತಕವನ್ನು ಬಿಚ್ಚಿ ಓದಿದಂತಾಯಿತು. ಈ ಪುಟವು ಕೆಟ್ಟರೆ ಸರ್ವವೂ ಕೆಡುವುದಾದ್ದರಿಂದ ಅದರ ಪ್ರತಿಗಳನ್ನು ಡಿಸ್ಕಿನ ಬೇರೆ ಬೇರೆ ಸ್ಥಳಗಳಲ್ಲಿ ಮುಂಚಿತವಾಗಿಯೇ ಇಟ್ಟಿರುತ್ತಾರೆಂದು ತಿಳಿದು ನನಗೆ ಆಶ್ಚರ್ಯವಾಯಿತು.

ಆ ಜಾತಕದಲ್ಲಿ “ಕಾದಿರಿಸಿದ ಭಾಗ” ಎಂದೊಂದು ಸಾಲಿತ್ತು. ರಹಸ್ಯವು ಅಲ್ಲಿಯೇ ಇದ್ದಿತು. ಡಿಸ್ಕನ್ನು ಮೊದಲು ಸಿದ್ಧಪಡಿಸುವಾಗ, ಬೇರೆ ಹೇಳದಿದ್ದರೆ, ನೂರಕ್ಕೆ 5 ಪಾಲನ್ನು ಯಂತ್ರದ ಯಜಮಾನನಾದ ರೂಟ್ ಎಂಬವನಿಗಾಗಿ ತೆಗೆದಿಡುವ ಪದ್ಧತಿಯಿದೆ. ಉಳಿದ 95 ಪಾಲು ತುಂಬಿದ ಕೂಡಲೆ ನಮ್ಮಂಥ ಸಾಮಾನ್ಯರಿಗೆ “ಸ್ಥಳವಿಲ್ಲ” ಎಂಬ ಉತ್ತರವೇ ಗತಿ.

ಇದು ವ್ಯರ್ಥವೆಂದು ವಾಚಕರು ಬಗೆಯಬಾರದು. ನಮ್ಮ ಕಡೆಯ ಒಕ್ಕಲಿಗನು ಹಗೆವು ಬರಿದಾಗುತ್ತ ಬಂದರೂ ಬಿತ್ತನೆಯ ಜೋಳಕ್ಕೆ ಕೈಹಾಕುವುದಿಲ್ಲವಷ್ಟೆ! ಹಾಗೆಯೇ ಡಿಸ್ಕು ತುಂಬಿಹೋದಾಗಲೂ ಯಂತ್ರವು ತನ್ನ ನಿತ್ಯದ ದಾಖಲೆಗಳನ್ನು ಬರೆದುಕೊಂಡು ಉಸಿರಾಡಬೇಕು. ಯಜಮಾನನು ಒಳಹೊಕ್ಕು ಕಸವನ್ನು ತೆಗೆಯಲು ಆಸ್ಪದವಿರಬೇಕು. ತೀರ ತುಂಬಿದ ಡಿಸ್ಕಿನಲ್ಲಿ ಒಂದೇ ಕಡತವು ತುಂಡುತುಂಡಾಗಿ ಚದರಿ ಓದುವಿಕೆಯು ನಿಧಾನವಾಗುವುದನ್ನೂ ಈ ಮೀಸಲು ತಡೆಯುತ್ತದೆ.

ಆದರೆ ಪ್ರಮಾಣವನ್ನು ಕಾಲಕ್ಕೆ ತಕ್ಕಂತೆ ನೋಡಬೇಕು. 200 ಮೆಗಾಬೈಟಿನ ಹಳೆಯ ಡಿಸ್ಕಿನಲ್ಲಿ ನೂರಕ್ಕೆ 5 ಎಂದರೆ ಕೇವಲ 10 ಮೆಗಾಬೈಟು. ನನ್ನದು 1 ಟೆರಾಬೈಟಿನದು. ಅದರಲ್ಲಿ ಮೀಸಲು ಸುಮಾರು 50 ಗಿಗಾಬೈಟು! ಮೇಲಾಗಿ ಅದು ಬರೀ ಚಿತ್ರಗಳನ್ನಿಡುವ ಪ್ರತ್ಯೇಕ ಡಿಸ್ಕಾದ್ದರಿಂದ ಯಂತ್ರದ ಉಸಿರಾಟಕ್ಕೂ ಅದಕ್ಕೂ ಸಂಬಂಧವಿಲ್ಲ. ಐದನ್ನು ಒಂದಕ್ಕೆ ಇಳಿಸಿದರೆ 40 ಗಿಗಾಬೈಟು ತೆರೆಯುವುದು. ಚಿತ್ರವೊಂದಕ್ಕೆ 5 ಮೆಗಾಬೈಟಿನಂತೆ 8,000 ಹಾಳೆಗಳಿಗೆ ಸ್ಥಳವಾಯಿತು. ಯಂತ್ರವನ್ನು ನಡೆಯಿಸುವ ಮುಖ್ಯ ಡಿಸ್ಕಿನಲ್ಲಿ ಮಾತ್ರ ಇಂಥ ಲೋಭವು ಕೂಡದು.

ನಾನು ಉತ್ಸಾಹದಿಂದ, “ಹಾಗಾದರೆ ಈಗಲೇ ಮಾಡು, ತಮ್ಮಾ” ಎಂದೆ. ಅವನು ಕೈಯನ್ನು ಹಿಂದೆಗೆದನು. “ಗುರುಗಳೇ, ಇದರ ಇನ್ನೊಂದು ಪ್ರತಿ ಎಲ್ಲಿ ಅದ?” ಎಂದು ಕೇಳಿದನು.

ನನ್ನಲ್ಲಿ ಉತ್ತರವಿರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆಗಳನ್ನು ಕೇಳಿದವನು ಮಗುವಿನಂತೆ ತಲೆತಗ್ಗಿಸಿದೆ. ಗೆದ್ದಲು ತಿಂದ ಪುಸ್ತಕದ ಏಕಮಾತ್ರ ಪ್ರತಿಯನ್ನು ಒಂದೇ ಡಬ್ಬಿಯಲ್ಲಿಟ್ಟು, ರಿಪೇರಿಯವನನ್ನು ಅವಿವೇಕಿಯೆಂದು ಜರೆಯುತ್ತ ಬಂದಿದ್ದೆನಲ್ಲ! ನಮ್ಮೂರಿನ ಮಹಮೂದ್ ಗವಾನನ ಮದರಸೆಯನ್ನು ಎಷ್ಟು ಸಲ ಮಕ್ಕಳಿಗೆ ತೋರಿಸಿಲ್ಲ! 1472ರಲ್ಲಿ ಕಟ್ಟಿಸಿದ ಆ ವಿದ್ಯಾಲಯದಲ್ಲಿ ಹೆಸರಾಂತ ಗ್ರಂಥಭಂಡಾರವಿದ್ದಿತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮದ್ದು ಸಿಡಿದು ಕಟ್ಟಡದ ಒಂದು ಪಾರ್ಶ್ವವೇ ಹಾರಿಹೋಯಿತು. ಗೋಡೆಗಳಲ್ಲಿ ಅರ್ಧವಾದರೂ ಇಂದು ನಿಂತಿವೆ, ಗ್ರಂಥಗಳು ಇಲ್ಲ. ಇದನ್ನು ಪ್ರತಿವರ್ಷ ಹೇಳಿದ ನಾಲಗೆಗೆ ತನ್ನ ಮನೆಯ ಪಾಠವು ಹೊಳೆಯಲಿಲ್ಲ.

ಮರುದಿನ ಇನ್ನೊಂದು ಡಿಸ್ಕನ್ನು ಕೊಂಡು ತಂದೆವು. ಪ್ರತಿಯೆತ್ತಲು ಒಂದು ರಾತ್ರಿಯೇ ಹಿಡಿಯಿತು. ಶಿಷ್ಯನು ಅಲ್ಲಲ್ಲಿ ಕಡತಗಳನ್ನು ತೆರೆದು ನೋಡಿದ ಮೇಲೆಯೇ ತೃಪ್ತನಾದನು. ಡಿಸ್ಕಿನ ಹೆಸರನ್ನು ಎರಡು ಸಲ ಓದಿಕೊಂಡನು. ಏಕೆಂದರೆ ಒಂದಕ್ಕೆ ಹೇಳಬೇಕಾದ ಆಜ್ಞೆಯನ್ನು ಮತ್ತೊಂದಕ್ಕೆ ಹೇಳಿದರೆ ಯಂತ್ರವು ಮರುಮಾತಾಡದೆ ನಡೆಯಿಸಿಬಿಡುತ್ತದೆ. ಬಳಿಕ ಒಂದು ಸಾಲನ್ನು ಬರೆದನು. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿದಿತ್ತು. ಚಿತ್ರಗಳೆಲ್ಲವೂ ಇದ್ದಲ್ಲಿಯೇ ಇದ್ದವು.

ಹೊಸ ಡಿಸ್ಕಿಗೆ ಊರಿನ ಹೆಸರಿಡಬೇಕೆಂದು ನನಗೆ ಆಸೆಯಾಯಿತು. ಹೆಸರಿಗೆ 16 ಬೈಟುಗಳಷ್ಟೇ ಎಡೆ. ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟು ಬೇಕು. “ಬೀದರ” ಎಂಬಲ್ಲಿ ದೀರ್ಘದ ಗುರುತೂ ಸೇರಿ ನಾಲ್ಕು ಚಿಹ್ನೆ, 12 ಬೈಟು; ಹಿಡಿಸಿತು. “ಔರಾದ”ಕ್ಕೂ ಅಷ್ಟೇ. ಆದರೆ ನಾವು ಎರಡೇ ಅಕ್ಷರವೆಂದೆಣಿಸುವ “ಭಾಲ್ಕಿ”ಗೆ ದೀರ್ಘ, ವಿರಾಮ, ಗುಣಿತಗಳು ಸೇರಿ ಆರು ಚಿಹ್ನೆ, 18 ಬೈಟು, ಬಾಲವು ಕತ್ತರಿಸಿಹೋಗುತ್ತದೆ! ಯಂತ್ರದ ವ್ಯಾಕರಣವೇ ಬೇರೆ.

ಇದೇ ಉಪಕರಣದಿಂದ ಇನ್ನೆರಡು ಸಂಸ್ಕಾರಗಳು ಸಾಧ್ಯ. ಇಷ್ಟು ಸಲ ಜೋಡಿಸಿದ ಬಳಿಕ, ಅಥವಾ ಇಷ್ಟು ದಿನ ಕಳೆದ ಬಳಿಕ, ಯಂತ್ರವು ಏಳುವಾಗ ಡಿಸ್ಕಿನ ತಪಾಸಣೆ ನಡೆಯಬೇಕೆಂದು ಗೊತ್ತುಮಾಡಬಹುದು. ಹಿಂದೆ ಇದು ತಾನಾಗಿಯೇ ನಡೆಯುತ್ತಿದ್ದಿತು, ಈಚಿನ ಆವೃತ್ತಿಗಳಲ್ಲಿ ನಾವೇ ಹೇಳಬೇಕು. ಎರಡನೆಯದು, ಹಳೆಯ ಎಕ್ಸ್ಟ್-2 ಡಿಸ್ಕಿಗೆ ಜರ್ನಲ್ ಎಂಬ ಕೀರ್ದಿಯನ್ನು ಸೇರಿಸುವುದು. ಅಂಗಡಿಕಾರನು ಮೊದಲು ಕೀರ್ದಿಯಲ್ಲಿ ಗುರುತುಹಾಕಿ ಆಮೇಲೆ ಖಾತೆಗೆ ಏರಿಸುವಂತೆ, ಯಂತ್ರವೂ ತಾನು ಮಾಡಲಿರುವ ಬದಲಾವಣೆಯನ್ನು ಮೊದಲು ಬರೆದುಕೊಳ್ಳುತ್ತದೆ. ನಡುವೆ ವಿದ್ಯುತ್ತು ಹೋದರೂ—ನಮ್ಮಲ್ಲಿ ಹೋಗದ ವಾರವಿಲ್ಲ—ಸೂಚೀಪಟ್ಟಿಯು ಅಸ್ತವ್ಯಸ್ತವಾಗದು. ಇದನ್ನು ಸೇರಿಸಿದೊಡನೆ ಎಕ್ಸ್ಟ್-2 ಎಂಬುದೇ ಎಕ್ಸ್ಟ್-3 ಆಗುತ್ತದೆ. ಒಳಗಿನ ಒಂದಕ್ಷರವೂ ಅಳಿಯುವುದಿಲ್ಲ.

ಎಲ್ಲವನ್ನೂ ಹೀಗೆ ತಿದ್ದಬಹುದೆಂದಲ್ಲ. ನೌಬಾದಿನ ಸುರಂಗಬಾವಿಯನ್ನು ಬಲ್ಲವರು ಬಲ್ಲರು. ಬಹಮನಿಯರ ಕಾಲದಲ್ಲಿ ಜಂಬಿಟ್ಟಿಗೆಯನ್ನು ಕೊರೆದು ನೆಲದೊಳಗೆ ನೀರು ತಾನಾಗಿ ಹರಿಯುವಂತೆ ಮಾಡಿದ ಕಾಲುವೆಯದು. ಈಚಿನ ವರ್ಷಗಳಲ್ಲಿ ಅದರ ಹೂಳೆತ್ತಿದರು, ಗಾಳಿಗಂಡಿಗಳನ್ನು ಶುದ್ಧಿಮಾಡಿದರು. ಆದರೆ ಅಗೆದವರು ಇಟ್ಟ ಇಳಿಜಾರನ್ನು ಯಾರೂ ಬದಲಿಸಲಾರರು. ಡಿಸ್ಕಿನಲ್ಲಿಯೂ ಬ್ಲಾಕಿನ ಅಳತೆ, ಎಷ್ಟು ಸ್ಥಳಕ್ಕೆ ಎಷ್ಟು ಕಡತಗಳೆಂಬ ಪ್ರಮಾಣ—ಇಂಥವು ಅಸ್ತಿಭಾರದ ಸಂಗತಿಗಳು. ಮೊದಲ ದಿನವೇ ಯೋಚಿಸತಕ್ಕವು.

ಮೊನ್ನೆ ಆ 120 ಹಾಳೆಗಳನ್ನು ಕಾಗದದ ಮೇಲೆ ಮುದ್ರಿಸಿ, ಹೊಲಿಸಿ, ಔರಾದದ ಕಡೆಗೆ ಒಯ್ದೆ. ವೃದ್ಧೆಗೆ ಓದು ಬಾರದು. ಹಾಳೆಯ ಮೇಲೆ ಬೆರಳಾಡಿಸುತ್ತ, “ಇದು ನಮ್ ಮಾವನ ಕೈಬರಹನೇ ಏನ್ರಿ?” ಎಂದಳು. ಹೌದೆಂದೆ. ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ಈ ಸಲ ಅಟ್ಟದ ಮೇಲಿಡದೆ ಮಾಡದಲ್ಲಿಟ್ಟಳು.

ಆದುದರಿಂದ, ವಾಚಕರೇ, ಸ್ಥಳವಿಲ್ಲವೆಂದು ಯಂತ್ರವು ಹೇಳಿದ ದಿನ ಗಾಬರಿಪಡಬೇಡಿರಿ. ಮೊದಲು ಇನ್ನೊಂದು ಪ್ರತಿ, ಆಮೇಲೆ ಓದು, ಕೊನೆಗೆ ತಿದ್ದುಪಡಿ. ಅಳಿಸುವ ಮಾತನ್ನು ಯಾರಾದರೂ ಮೊದಲು ಆಡಿದರೆ, ಡಬ್ಬಿಯನ್ನು ಎತ್ತಿಕೊಂಡು ಮನೆಗೆ ಬನ್ನಿರಿ.